ಕ್ಲೆಮ್ ಹಾಸ್ಕಿಂಗ್ ತಲೆ ಎಣಿಸಿದ ಸಂಜೆ

ಕರ್ರಬೀನ್ ಊರಿನಲ್ಲಿ ಹಠ ಮಾಡುವ ಮಕ್ಕಳಿಗೆ ಗುಮ್ಮನ ಅಗತ್ಯ ಬೀಳುತ್ತಿರಲಿಲ್ಲ. ‘ಗುಡ್ಡ ಹತ್ತಿಸಿಬಿಡ್ತೀನಿ ನೋಡು’ ಅಂದರೆ ಸಾಕಿತ್ತು. ಗುಡ್ಡದ ಮೇಲೆ ನೂರೈವತ್ತು ವರ್ಷ ಹಳೆಯ ಹುಚ್ಚಾಸ್ಪತ್ರೆ. ಬೆದರಿಕೆಯಲ್ಲಿ ಇದ್ದ ಒಂದೇ ತೊಂದರೆಯೆಂದರೆ, ಊರಿನ ಅರ್ಧ ಜನ ದಿನಾ ಬೆಳಿಗ್ಗೆ ಬುತ್ತಿ ಹಿಡಿದು ಅದೇ ಗುಡ್ಡ ಹತ್ತಿ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಇಳಿದು ಬಂದು ಮಕ್ಕಳನ್ನು ಬೆದರಿಸುತ್ತಿದ್ದರು. ಆಸ್ಪತ್ರೆ ಮುಚ್ಚಿ ಇಪ್ಪತ್ತು ವರ್ಷವಾಯಿತು. ಈಗ ಮಕ್ಕಳು ಹೆದರುವುದಿಲ್ಲ. ದೊಡ್ಡವರು ಟಿಕೆಟ್ ತೆಗೆದುಕೊಂಡು ತಾವಾಗಿಯೇ ಹತ್ತುತ್ತಾರೆ.

ಆ ಟಿಕೆಟ್ಟಿಗೆ ಸಿಗುತ್ತಿದ್ದದ್ದು ಕ್ಲೆಮ್ ಹಾಸ್ಕಿಂಗ್. ತಿಂಗಳ ಮೊದಲ ಶುಕ್ರವಾರ, ಸಂಜೆ ಆರೂವರೆಗೆ, ಗುಡ್ಡದ ಗೇಟಿನಿಂದ ಶುರುವಾಗಿ ಎರಡು ಗಂಟೆಯ ನಡಿಗೆ. ಹನ್ನೊಂದು ವರ್ಷದಿಂದ ಒಂದು ಶುಕ್ರವಾರವೂ ತಪ್ಪಿಸಿದವನಲ್ಲ. ವಯಸ್ಸು ಅರವತ್ತೆಂಟು. ಸೊಂಟದಲ್ಲಿ ಹದಿನಾಲ್ಕು ಬೀಗದ ಕೈಗಳ ಗೊಂಚಲು, ಅದರಲ್ಲಿ ಹನ್ನೆರಡು ಈಗ ಯಾವ ಬಾಗಿಲನ್ನೂ ತೆಗೆಯುವುದಿಲ್ಲ. ಆದರೆ ನಡೆದಾಗ ಹದಿನಾಲ್ಕೂ ಸದ್ದು ಮಾಡುತ್ತವೆ, ಕ್ಲೆಮ್‌ಗೆ ಬೇಕಾದದ್ದು ಅಷ್ಟೇ. ನಡಿಗೆಯಲ್ಲಿ ಅವನು ಆಸ್ಪತ್ರೆಗೆ ಬಳಸಿದ ಇಟ್ಟಿಗೆಗಳ ಸಂಖ್ಯೆ, ಚರಂಡಿಯ ಆಳ, ಬಾಯ್ಲರ್ ಕೂರಿಸಿದ ತಾರೀಕು ಇವುಗಳನ್ನು ಒಂದೂ ಬಿಡದೆ ಹೇಳುತ್ತಿದ್ದ. ಒಮ್ಮೆ ಶೆಪರ್ಟನ್ನಿನಿಂದ ಬಂದವನೊಬ್ಬ ಎಲ್ಮ್ ಮರಕ್ಕೆ ಒರಗಿ ನಿಂತಲ್ಲೇ ನಿದ್ದೆಹೋಗಿದ್ದ. ಇಲ್ಲಿನ ವಾತಾವರಣ ಎಷ್ಟು ನೆಮ್ಮದಿಯದು ಎಂಬುದಕ್ಕೆ ಕ್ಲೆಮ್ ಅದನ್ನೇ ಸಾಕ್ಷಿಯಾಗಿ ಹೇಳುತ್ತಿದ್ದ.

ಅವನು ಗುಡ್ಡದ ಮೇಲೆ ಅಟೆಂಡರ್ ಆಗಿ ಸೇರಿದ್ದು ಹತ್ತೊಂಬತ್ತನೇ ವಯಸ್ಸಿನಲ್ಲಿ. ಸಂದರ್ಶನದಲ್ಲಿ ದೊಡ್ಡ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ.

‘ಚೆಂಡು ತಿರುಗುತ್ತೇನಪ್ಪ?’

‘ಗಾಳಿ ಇದ್ದರೆ ತಿರುಗುತ್ತೆ, ಸರ್.’

‘ಸೋಮವಾರದಿಂದ ಬಾ.’

ಆಸ್ಪತ್ರೆಗೆ ಅದರದೇ ಮೈದಾನವಿತ್ತು, ನೌಕರರೂ ರೋಗಿಗಳೂ ಸೇರಿದ ತಂಡವಿತ್ತು, ಸುತ್ತಲ ಊರುಗಳ ಮೇಲೆ ಪಂದ್ಯವಿತ್ತು. ಕ್ರಿಕೆಟ್ ಆಡಲು ಬರದವನು, ಬ್ಯಾಂಡಿನಲ್ಲಿ ಕೊಳಲನ್ನೋ ಕಹಳೆಯನ್ನೋ ಊದಲು ಬರದವನು ಅಲ್ಲಿ ಅಟೆಂಡರ್ ಆಗುವುದು ಕಷ್ಟವಿತ್ತು. ಕಿರುಚುವವನ ಪಕ್ಕ ಕೂತು ಸಮಾಧಾನ ಮಾಡಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅದು ಅವನಿಗೆ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಆದರೆ ನಡಿಗೆಯಲ್ಲಿ ಅದರ ಸುದ್ದಿ ಎತ್ತುತ್ತಿರಲಿಲ್ಲ. ಇಟ್ಟಿಗೆಗಳಿಗೇ ಹೊತ್ತು ಸಾಲುತ್ತಿರಲಿಲ್ಲ.

ಫೆಬ್ರವರಿಯ ಆ ಶುಕ್ರವಾರ ಕ್ಲೆಮ್ ಮಧ್ಯಾಹ್ನದಿಂದಲೇ ಬೀಗದ ಕೈಗಳನ್ನು ತಿಕ್ಕುತ್ತ ಕೂತಿದ್ದ. ಊರಿನ ಪರಂಪರೆ ಸಮಿತಿಗೆ ರಾಡ್ರಿಕ್ ಪೆನ್‌ಹೇಲ್ ಎಂಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಅಧ್ಯಕ್ಷನಾಗಿದ್ದ. ಬಂದ ಮೂರು ತಿಂಗಳಲ್ಲಿ ಊರಿನ ಪ್ರತಿ ಕಂಬಕ್ಕೂ ಪ್ಲಾಸ್ಟಿಕ್ ಹೊದಿಸಿದ ಸೂಚನೆ ಅಂಟಿಸಿದ್ದ. ನಡಿಗೆಯನ್ನು ಮೆಲ್ಬರ್ನಿನಲ್ಲಿ ದೆವ್ವದ ನಡಿಗೆ ನಡೆಸುವ ಒಂದು ಕಂಪನಿಗೆ ವಹಿಸಬೇಕೆಂದು ಅವನ ಆಲೋಚನೆ. ಕೈಯಲ್ಲಿ ಲಾಂದ್ರ, ಮೈಮೇಲೆ ಕಪ್ಪು ನಿಲುವಂಗಿ, ಅಲ್ಲಲ್ಲಿ ಒಂದು ಚೀತ್ಕಾರ. ಈ ಸಂಜೆ ಪೆನ್‌ಹೇಲನೂ ಕಂಪನಿಯವನೂ ನಡಿಗೆಗೆ ಬಂದು ನೋಡುವವರಿದ್ದರು. ಸೋಮವಾರ ಸಮಿತಿಯಲ್ಲಿ ಮತ. ಸೋತರೆ ಕ್ಲೆಮ್ ಕೈಯಿಂದ ಗುಡ್ಡ ಹೋದ ಹಾಗೆ.

‘ಆ ಕೋಟು ಹಾಕ್ಕೊಂಡು ಹೋಗ್ತೀಯಾ? ಮೂವತ್ತನಾಲ್ಕು ಡಿಗ್ರಿ ಇದೆ,’ ಅಂದಳು ಹೆಂಡತಿ ಗ್ವೆಂಡಾ.

‘ಅದು ಯೂನಿಫಾರ್ಮು.’

‘ಗುಂಡಿ ಹಾಕೋಕೆ ಮಾತ್ರ ಹೋಗ್ಬೇಡ. ಹೋದ ತಿಂಗಳು ಹಾರಿ ಹೋಗಿದ್ದು ಯಾರ ಕಣ್ಣಿಗೆ ತಗುಲ್ತೋ ಇನ್ನೂ ಗೊತ್ತಾಗಿಲ್ಲ.’

‘ನನ್ನ ಜೀವನ ಹೋಗೋ ವಿಷ್ಯ ಇದು, ನಿನಗೆ ತಮಾಷೆ.’

‘ಏನು ಹೋಗುತ್ತೆ? ನಡಿಗೆ ಹೋಗುತ್ತೆ. ನೀನು ಶುಕ್ರವಾರನೂ ಮನೇಲೇ ಇರ್ತೀಯ.’

ಆ ಮಾತಿನ ಅರ್ಥ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಗ್ವೆಂಡಾ ಎದ್ದು ಬಂದು ಅವನ ಕಾಲರ್ ಸರಿಮಾಡಿ, ‘ಚೆನ್ನಾಗಿ ಮಾಡು ಮಾರಾಯ, ದೇವರಾಣೆಗೂ ಚೆನ್ನಾಗಿ ಮಾಡು,’ ಅಂದಳು.

ಗೇಟಿನ ಹತ್ತಿರ, ಪೆನ್‌ಹೇಲನನ್ನೂ ಕಂಪನಿಯವನನ್ನೂ ಬಿಟ್ಟು, ಟಿಕೆಟ್ ಕೊಂಡ ಹತ್ತೊಂಬತ್ತು ಜನ ಸೇರಿದ್ದರು. ಪೆನ್‌ಹೇಲ್ ಕಿತ್ತಳೆ ಬಣ್ಣದ ಹೊಳೆಯುವ ಮೇಲಂಗಿ ತೊಟ್ಟು, ಬರೆಯುವ ಪ್ಯಾಡು ಎದೆಗೆ ಅವಚಿಕೊಂಡು ನಿಂತಿದ್ದ. ದೆವ್ವದ ಕಂಪನಿಯ ಡೇಮಿಯನ್ ಆ ಸೆಕೆಯಲ್ಲೂ ಕಪ್ಪು ಕೋಟಿನಲ್ಲಿದ್ದ. ಕೈಯಲ್ಲಿ ಪೀಂ ಪೀಂ ಅನ್ನುವ ಒಂದು ಡಬ್ಬಿ. ದೆವ್ವ ಹತ್ತಿರ ಬಂದರೆ ಅದು ಹೇಳುತ್ತದಂತೆ. ಸದ್ಯಕ್ಕೆ ಅದು ಐಸ್‌ಕ್ರೀಮ್ ಗಾಡಿಯ ಬಗ್ಗೆ ಹೇಳುತ್ತಿತ್ತು.

ಇಪ್ಪತ್ತನೆಯವಳಾಗಿ ಕೋಲೂರಿಕೊಂಡು ಬಂದವಳು ಥೆಲ್ಮಾ ಬೋಡ್ಲಿ. ಕೆಳಗಿನ ಬೀದಿಯ ಎಪ್ಪತ್ತೇಳರ ಮುದುಕಿ, ಟೊಮೇಟೊ ಗೊಜ್ಜಿಗೆ ಊರೆಲ್ಲ ಹೆಸರಾದವಳು. ಹತ್ತೊಂಬತ್ತರಲ್ಲಿ ಮನೆಯವರೇ ಅವಳನ್ನು ಗುಡ್ಡಕ್ಕೆ ತಂದು ಬಿಟ್ಟಿದ್ದರು. ಹೊರಗೆ ಬಂದದ್ದು ಇಪ್ಪತ್ತಾರು ವರ್ಷದ ಮೇಲೆ. ಅಂದಿನಿಂದ ಗುಡ್ಡದ ಕಡೆ ತಲೆ ಹಾಕಿರಲಿಲ್ಲ. ರೋಗಿಯಾಗಿದ್ದಾಗ ಅವಳು ಕ್ಲೆಮ್‌ನನ್ನು ‘ಮಿಸ್ಟರ್ ಹಾಸ್ಕಿಂಗ್’ ಅನ್ನಬೇಕಿತ್ತು. ಅವನು ಅವಳನ್ನು ಥೆಲ್ಮಾ ಅನ್ನಬಹುದಿತ್ತು. ನಿಯಮ ಹಾಗಿತ್ತು.

‘ಏನು ಕ್ಲೆಮ್, ಹೊಟ್ಟೆ ಬಂದಿದೆ,’ ಅಂದಳು ಥೆಲ್ಮಾ.

‘ನೀನು... ನೀನು ಯಾಕೆ ಬಂದೆ, ಥೆಲ್ಮಾ?’

‘ಇಲ್ಲಿ ದೆವ್ವ ಇಡ್ತಾರಂತಲ್ಲ. ಯಾರ ದೆವ್ವ ಅಂತ ನೋಡೋಣ ಅಂತ ಬಂದೆ. ಸತ್ತವರೆಲ್ಲ ನನಗೆ ಗೊತ್ತಿರೋರೇ.’

ಕ್ಲೆಮ್ ಇಟ್ಟಿಗೆಗಳಿಂದ ಶುರುಮಾಡಿದ. ಎಲ್ಮ್ ಮರಗಳ ಸಾಲು ದಾಟಿ ಗೋಡೆಯ ಹತ್ತಿರ ಬಂದರು. ಹೊರಗಿನಿಂದ ನೋಡಿದರೆ ಎದೆಯೆತ್ತರದ ಸಾಧು ಗೋಡೆ. ಒಳಗಿನಿಂದ ಅದರ ಬುಡದಲ್ಲಿ ಇಳಿಜಾರಾಗಿ ತೋಡಿದ ಹಳ್ಳವಿದೆ, ಇಳಿದು ನಿಂತರೆ ಅದೇ ಗೋಡೆ ಎರಡಾಳು ಎತ್ತರ. ದಾರಿಹೋಕರಿಗೆ ಇದು ಜೈಲು ಅನ್ನಿಸಬಾರದು, ಒಳಗಿದ್ದವರಿಗೆ ಬೇರೇನೂ ಅನ್ನಿಸಬಾರದು.

‘ಈ ಗೋಡೆಯನ್ನ ಹತ್ತಿ ಹೋದೋರು ನೂರಿಪ್ಪತ್ತೆಂಟು ವರ್ಷದಲ್ಲಿ ಒಬ್ಬರೂ ಇಲ್ಲ,’ ಅಂದ ಕ್ಲೆಮ್.

‘ಆರು ಸಲ,’ ಅಂದಳು ಥೆಲ್ಮಾ ಹಿಂದಿನಿಂದ.

‘ರಿಜಿಸ್ಟರಿನಲ್ಲಿ ಇಲ್ಲ.’

‘ಟೀ ಹೊತ್ತಿಗೆ ವಾಪಸ್ ಬರ್ತಿದ್ದೆ, ಯಾರು ಬರೀತಾರೆ? ಗುರುವಾರ ಕಾಕಂಬಿ ಪುಡಿಂಗ್ ಮಾಡ್ತಿದ್ರು. ಅದನ್ನ ಬಿಟ್ಟು ಓಡಿಹೋಗೋಕೆ ನನಗೇನು ಹುಚ್ಚಾ?’

ಜನ ಅವಳ ಕಡೆ ತಿರುಗಿದರು. ಯಾರೋ ಕೇಳಿದರು, ಹತ್ತಿದ್ದು ಹೇಗೆ ಅಂತ.

‘ದಪ್ಪ ಮಾರ್ಗರಿ ಅಂತ ಇದ್ಲು. ಅವಳ ಹೆಗಲ ಮೇಲೆ ನಿಂತು. ಅವಳನ್ನ ಹತ್ತಿಸೋ ಹೆಗಲು ಮಾತ್ರ ಕೊನೆವರೆಗೂ ಸಿಗಲಿಲ್ಲ ಪಾಪ.’

‘ಹೋಗಿದ್ದೆಲ್ಲಿಗೆ?’

‘ಸಿನಿಮಾಕ್ಕೆ. ಆರೂ ಅರ್ಧರ್ಧ ನೋಡಿದೀನಿ. ಒಂದರ ಕೊನೆನೂ ಗೊತ್ತಿಲ್ಲ. ನನ್ನ ಲೆಕ್ಕದಲ್ಲಿ ಆರು ಜನ ಹೀರೋಗಳು ಇನ್ನೂ ರೈಲ್ವೆ ಸ್ಟೇಷನ್ನಲ್ಲೇ ನಿಂತಿದಾರೆ.’

ಇಬ್ಬರು ಹೆಂಗಸರು ನಗುತ್ತ ಗೋಡೆ ಹಿಡಿದುಕೊಂಡರು. ಕ್ಲೆಮ್ ಗಂಟಲು ಸರಿಮಾಡಿಕೊಂಡು ಚರಂಡಿಯ ಆಳ ಹೇಳಿದ. ಯಾರ ಕಿವಿಗೂ ಬೀಳಲಿಲ್ಲ.

‘ನಿಮ್ಮನ್ನ ಯಾಕೆ ಸೇರಿಸಿದ್ದು?’ ಎಂದು ಒಬ್ಬಳು ಹಿಂಜರಿಯುತ್ತ ಕೇಳಿದಳು.

‘ಮಾವನ ಹೆಣದ ಮುಂದೆ ನಕ್ಕಿದ್ದಕ್ಕೆ. ಆ ಮಾವನ್ನ ನೀವು ನೋಡಿದ್ರೆ ನೀವೂ ನಗ್ತಿದ್ರಿ.’

‘ಥೆಲ್ಮಾ,’ ಅಂದ ಕ್ಲೆಮ್, ‘ಇಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದವನು ನಾನು.’

‘ದಿನಕ್ಕೆ ಎಂಟು ಗಂಟೆ. ನಾನು ಇಪ್ಪತ್ತಾರು ವರ್ಷ, ಹಗಲೂ ರಾತ್ರಿ. ಕೂಡಿಸಿ ನೋಡು, ಸೀನಿಯರ್ ಯಾರು ಅಂತ.’

ಎಂಟನೇ ವಾರ್ಡಿನ ಬಾಗಿಲು ತೆಗೆಯುವ ಹೊತ್ತಿಗೆ ಕ್ಲೆಮ್‌ನ ಕೋಟಿನ ಬೆನ್ನು ಪೂರ್ತಿ ಒದ್ದೆಯಾಗಿತ್ತು. ಊಟದ ಮನೆಯಲ್ಲಿ ಅವನು ಚಮಚಗಳ ವಿಷಯ ತೆಗೆದ. ಊಟವಾದ ಮೇಲೆ ಪ್ರತಿ ಚಮಚ ಎಣಿಸಿ ತಾಳೆ ನೋಡದೆ ಒಬ್ಬರನ್ನೂ ಎಬ್ಬಿಸುವಂತಿರಲಿಲ್ಲ. ಒಂದು ಕಡಿಮೆಯಾದರೂ ಬಾಗಿಲು ಬಂದ್.

‘ಭಾನುವಾರ ಪಾದ್ರಿ ಬರೋ ದಿನ ಒಂದನ್ನ ಕಾಲುಚೀಲದಲ್ಲಿ ಸೇರಿಸಿಬಿಡ್ತಿದ್ದೆ,’ ಅಂದಳು ಥೆಲ್ಮಾ. ‘ಅದನ್ನ ಹುಡುಕೋದ್ರಲ್ಲಿ ಪ್ರವಚನದ ಹೊತ್ತು ಮುಗಿದುಹೋಗ್ತಿತ್ತು.’

ಕ್ಲೆಮ್ ತಿರುಗಿ ನಿಂತ. ‘ಅದು ನೀನಾ?’

‘ನಾನೇ.’

‘ನಾನು ನಾಲ್ಕು ಕಾಲಲ್ಲಿ ಮೇಜುಗಳ ಕೆಳಗೆಲ್ಲ ತೆವಳಿದೀನಿ. ವರ್ಷಗಟ್ಟಲೆ!’

‘ನೋಡಿದೀನಿ. ಇಡೀ ವಾರ ನಾವು ಕಾಯ್ತಿದ್ದಿದ್ದು ಅದಕ್ಕೇ.’

ನಗು ಛಾವಣಿಗೆ ಬಡಿಯಿತು. ಕ್ಲೆಮ್‌ಗೆ ಸಿಟ್ಟು ಬಂತೋ ನಗು ಬಂತೋ ಅವನಿಗೇ ತಿಳಿಯಲಿಲ್ಲ. ಥೆಲ್ಮಾಳ ಜೊತೆ ವಾದ ಮಾಡುತ್ತಲೇ ಬಾಗಿಲಲ್ಲಿ ನಿಂತು, ಹೊರಗೆ ಹೋಗುವವರ ತಲೆ ಎಣಿಸಿದ. ಮಾತಿಗೂ ಎಣಿಕೆಗೂ ಸಂಬಂಧವಿರಲಿಲ್ಲ. ಇಪ್ಪತ್ತೊಂಬತ್ತು ವರ್ಷ ಎಣಿಸಿದ ಕಣ್ಣು ತಾನಾಗಿ ಎಣಿಸುತ್ತದೆ, ಕೈ ತಾನಾಗಿ ಬೀಗ ಹಾಕುತ್ತದೆ. ಇಪ್ಪತ್ತು ತಲೆ, ಇಪ್ಪತ್ತೂ ಸರಿ. ಅವನು ಬಾಗಿಲೆಳೆದು ಬೀಗದ ಕೈ ತಿರುಗಿಸಿ ಮುಂದೆ ನಡೆದ.

ಎಣಿಕೆಗೆ ಗುಡ್ಡದ ಮೇಲೆ ಒಂದು ಹಳೆಯ ನಿಯಮವಿತ್ತು. ಪ್ಯಾಡು ಹಿಡಿದವನನ್ನು ಎಣಿಸಬಾರದು. ಪ್ಯಾಡು ಹಿಡಿದವನು ಆಫೀಸಿನವನು, ಅವನ ಜೊತೆಗಾರ ಮೇಲಿನಿಂದ ಬಂದವನು. ಅವರ ಬೀಗದ ಕೈ ಅವರ ಹತ್ತಿರವೇ ಇರುತ್ತದೆ. ಹಾಗಾಗಿ, ವಾರ್ಡಿನೊಳಗಿನ ಸ್ನಾನದ ಮನೆಯ ಕೊಳಾಯಿಯ ಮುಂದೆ ಡಬ್ಬಿ ಪೀಂಗುಟ್ಟಿತೆಂದು ಅಲ್ಲೇ ಬಗ್ಗಿ ಕೂತಿದ್ದ ಅಧ್ಯಕ್ಷನೂ ಡೇಮಿಯನ್ನೂ ಕ್ಲೆಮ್‌ನ ಲೆಕ್ಕದಲ್ಲಿ ಮನುಷ್ಯರ ಪೈಕಿ ಇರಲೇ ಇಲ್ಲ.

ಮೈದಾನಕ್ಕೆ ಬಂದಾಗ ಬಿಸಿಲು ಓರೆಯಾಗಿತ್ತು. ಮರದಲ್ಲಿ ಕೂಕಬುರ‍್ರಾ ಹಕ್ಕಿಗಳ ಒಂದು ಸಂಸಾರ ಹೊಟ್ಟೆ ಹಿಡಿದುಕೊಂಡಂತೆ ನಗುತ್ತಿತ್ತು. ಕ್ಲೆಮ್ ಪಿಚ್ಚಿನ ನಡುವೆ ನಿಂತು, ತನ್ನ ನಡಿಗೆಯ ಕಿರೀಟವೆಂದು ತಾನು ತಿಳಿದಿದ್ದ ಭಾಗಕ್ಕೆ ಬಂದ.

‘ಎಪ್ಪತ್ತೊಂದನೇ ಇಸವಿ. ರೈಲ್ವೆ ತಂಡದ ಮೇಲೆ. ಇದೇ ಜಾಗದಿಂದ ಒಬ್ಬ ಬೌಲರ್ ಇಪ್ಪತ್ತಮೂರು ರನ್ನಿಗೆ ಏಳು ವಿಕೆಟ್ ತೆಗೆದ. ಅವನ ಹೆಸರು ಹೇಳೋಕೆ ಸಂಕೋಚ ಆಗುತ್ತೆ.’

‘ಐದು,’ ಅಂದಳು ಥೆಲ್ಮಾ.

ಆ ಏಳರ ಅಂಕಿ ಕೆತ್ತಿದ ಹಿತ್ತಾಳೆ ಫಲಕ ಕ್ಲೆಮ್‌ನ ಮನೆಯಲ್ಲಿ ಟೀವಿಯ ಮೇಲಿದೆ.

‘ಸ್ಕೋರು ಬರೀತಿದ್ದಿದ್ದು ನಾನು. ಎರಡು ರನ್‌ಔಟು, ದೊಡ್ಡ ಡಾಕ್ಟರು ಎಸೆದು ಮಾಡಿದ್ದು. ನಿನ್ನ ಹೆಸರಿಗೆ ಹಾಕಿದೆ.’

‘ಯಾಕೆ?’ ಕ್ಲೆಮ್‌ನ ದನಿ ಸಣ್ಣದಾಗಿತ್ತು.

‘ಅವತ್ತು ಬೆಳಿಗ್ಗೆ ಮಾರ್ಗರಿ ಸತ್ತಿದ್ಲು. ಹೆಣದ ಗಾಡಿ ಹೋಗುವಾಗ ಉಳಿದ ಅಟೆಂಡರ್‌ಗಳು ಕಾಲಿಗೆ ಪ್ಯಾಡು ಕಟ್ಕೊಳ್ತಾ ಇದ್ರು. ನೀನೊಬ್ಬ ಟೋಪಿ ತೆಗೆದು, ಅವಳ ಹೆಸರು ಹೇಳಿ, ಹೋಗಿ ಬಾ ಅಂದೆ. ನನ್ನ ಹತ್ರ ಕೊಡೋಕೆ ಇದ್ದಿದ್ದು ವಿಕೆಟ್ ಮಾತ್ರ.’

ಇಂಥ ಹೊತ್ತಿನಲ್ಲಿ ಮನುಷ್ಯ ಗಂಭೀರನಾಗುತ್ತಾನೆ. ಕ್ಲೆಮ್ ಎದೆ ಉಬ್ಬಿಸಿ ಎಲ್ಲರ ಕಡೆ ತಿರುಗಿ, ‘ಒಂದು ಮಾತು ಕೇಳಿ. ಇಪ್ಪತ್ತೊಂಬತ್ತು ವರ್ಷದಲ್ಲಿ ಈ ಗುಡ್ಡದ ಮೇಲೆ ನಾನು ಒಂದೇ ಒಂದು ದೆವ್ವದ ಸದ್ದು ಕೇಳಿಲ್ಲ,’ ಅಂದ.

ಎಂಟನೇ ವಾರ್ಡಿನ ಕಡೆಯಿಂದ ಊಳಿಡುವ ದನಿಯೊಂದು ಬಂತು.

ಹಿಂದೆಯೇ ದಬದಬ ಬಡಿದ ಸದ್ದು. ಹತ್ತೊಂಬತ್ತು ಜನರೂ ಒಟ್ಟಿಗೆ ಉಸಿರೆಳೆದರು. ಮರುಕ್ಷಣ ಅಷ್ಟೂ ಜನ ಸದ್ದು ಬಂದ ಕಡೆಗೇ ಓಡಿದರು, ಕೊಟ್ಟ ಟಿಕೆಟ್ಟು ಸಾರ್ಥಕವಾಯಿತೆಂಬ ಹುರುಪಿನಲ್ಲಿ. ವಾರ್ಡಿನ ಕಿಟಕಿಗಳು ಐದೇ ಇಂಚು ತೆರೆಯುವಂಥವು. ಆ ಐದು ಇಂಚಿನಿಂದ ಬಿಳಿಚಿದ ಕೈಯೊಂದು ಹೊರಚಾಚಿ ಗಾಳಿಯನ್ನು ಹಿಂಡುತ್ತಿತ್ತು. ಶೆಪರ್ಟನ್ನಿನ ಒಬ್ಬಾಕೆ ಖುಷಿಯಲ್ಲಿ ಪಕ್ಕದವನನ್ನು ಚಿವುಟಿದಳು. ಅವನು ಅವಳ ಗಂಡನಾಗಿರಲಿಲ್ಲ.

ಆಮೇಲೆ ಕೈಯ ಹಿಂದೆ ಕಿತ್ತಳೆ ಬಣ್ಣದ ಬಟ್ಟೆ ಕಂಡಿತು. ಕ್ಲೆಮ್ ಸೊಂಟ ಮುಟ್ಟಿ ನೋಡಿಕೊಂಡ. ಅವನ ಮುಖದ ಬಣ್ಣ ಕಿಟಕಿಯ ಕೈಯ ಬಣ್ಣಕ್ಕೆ ಹೊಂದಿಕೊಂಡಿತು.

‘ಬಾಗಿಲು ತೆಗೀರಿ!’ ಒಳಗಿನಿಂದ ಪೆನ್‌ಹೇಲ್ ಕೂಗಿದ. ‘ಮುಕ್ಕಾಲು ಗಂಟೆ ಆಯ್ತು. ಫೋನು ಹತ್ತುತ್ತಿಲ್ಲ. ನಾನು ಸಮಿತಿ ಅಧ್ಯಕ್ಷ.’

ಥೆಲ್ಮಾ ಕೋಲೂರಿ ಬಾಗಿಲ ಹತ್ತಿರ ಬಂದಳು. ‘ಒಳಗಿದ್ದವರೆಲ್ಲ ಹೀಗೇ ಹೇಳ್ತಿದ್ರು ಕಣಪ್ಪ. ನಮ್ಮಲ್ಲಿ ಇಬ್ಬರು ಪ್ರಧಾನಮಂತ್ರಿ ಇದ್ರು, ಒಬ್ಬಳು ರಾಣಿಯ ತಂಗಿ.’

‘ನಾನು ನಿಜವಾಗ್ಲೂ ಅಧ್ಯಕ್ಷ.’

‘ಅದನ್ನೂ ಹೇಳ್ತಿದ್ರು.’

ಗಾಬರಿಯಲ್ಲಿ ಯಾವುದೆಂದು ಗುರುತು ಸಿಗದೆ ಕ್ಲೆಮ್ ಒಂದೊಂದೇ ಬೀಗದ ಕೈ ಹಾಕಿ ನೋಡುತ್ತಿದ್ದ. ಹನ್ನೆರಡು ದಂಡದ ಕೈಗಳನ್ನು ಇಷ್ಟು ವರ್ಷ ಹೊತ್ತು ತಿರುಗಿದ್ದಕ್ಕೆ ಮೊದಲ ಬಾರಿ ತನ್ನನ್ನು ತಾನೇ ಬೈದುಕೊಂಡ. ಒಳಗಿನಿಂದ ಪೆನ್‌ಹೇಲ್ ಬಾಗಿಲು ಒದೆಯತೊಡಗಿದ, ಸೋಮವಾರ ಏನು ಮಾಡುತ್ತೇನೆ ನೋಡಿ ಎಂದ, ಕಾನೂನಿನ ಕಲಮುಗಳನ್ನು ಹೇಳಿದ.

‘ಒದೀಬೇಡ ಮಗು,’ ಅಂದಳು ಥೆಲ್ಮಾ, ದನಿ ಇಳಿಸಿ. ‘ಇಲ್ಲಿ ಕೂಗಿದಷ್ಟೂ ಒಳಗೇ ಇಡ್ತಾರೆ. ನನಗೆ ಅದು ಗೊತ್ತಾಗೋಕೆ ಎಂಟು ವರ್ಷ ಬೇಕಾಯ್ತು, ನಿನಗೆ ಪುಕ್ಕಟೆ ಹೇಳ್ತಿದೀನಿ. ಉಸಿರು ಬಿಡು. ಮೆಲ್ಲಗೆ ಮಾತಾಡು. ಹವಾಮಾನದ ಬಗ್ಗೆ ಏನಾದ್ರೂ ಹೇಳು. ಹವಾಮಾನ ಮಾತಾಡಿದವರನ್ನ ಬೇಗ ಬಿಡ್ತಿದ್ರು.’

ಒಳಗೆ ಒದೆತ ನಿಂತಿತು.

‘ಇವತ್ತು,’ ಅಂದ ಪೆನ್‌ಹೇಲ್, ತೀರಾ ವಿನಯದಿಂದ, ‘ಸ್ವಲ್ಪ ಸೆಕೆ ಇದೆ, ಅಲ್ವಾ?’

ಅಷ್ಟರಲ್ಲಿ ಹದಿಮೂರನೇ ಕೈ ತಿರುಗಿತು, ಬಾಗಿಲು ತೆರೆಯಿತು. ಜನ ಚಪ್ಪಾಳೆ ತಟ್ಟಿದರು. ಡೇಮಿಯನ್ ಯಾರ ಮುಖವನ್ನೂ ನೋಡದೆ ಸೀದಾ ಕಾರಿನ ಕಡೆ ನಡೆದ; ವಾರ್ಡಿನ ಬಾಗಿಲು ಮುಚ್ಚಿದ ಮೇಲೆ ಡಬ್ಬಿ ಪೀಂ ಅನ್ನುವುದನ್ನೇ ನಿಲ್ಲಿಸಿಬಿಟ್ಟಿತೆಂದೂ, ಅಂಥ ಮೌನ ತನಗೆ ಆಗುವುದಿಲ್ಲವೆಂದೂ ಹೋಗುತ್ತ ಹೇಳಿದ. ಪೆನ್‌ಹೇಲ್ ಮೆಟ್ಟಿಲ ಮೇಲೆ ಕೂತ. ಥೆಲ್ಮಾ ಚೀಲದಿಂದ ಒಂದು ಪುದೀನಾ ಪೆಪ್ಪರ್‌ಮಿಂಟ್ ತೆಗೆದುಕೊಟ್ಟಳು. ಅವನು ‘ಥ್ಯಾಂಕ್ಯೂ’ ಅಂದು ಬಾಯಿಗೆ ಹಾಕಿಕೊಂಡ.

ಸೋಮವಾರದ ಸಭೆಯಲ್ಲಿ ಅವನು ಮೂರು ಪುಟದ ವರದಿ ಓದಿದ. ಅದರಲ್ಲಿ ಅವನು ಕೂಗಿರಲಿಲ್ಲ. ‘ಅಧ್ಯಕ್ಷರು ಧ್ವನಿಯ ನೆರವು ಪಡೆದರು’ ಎಂದಿತ್ತು. ಇಂಥ ಅಪಾಯದ ಜಾಗ ತಮಗೆ ಬೇಡವೆಂದು ದೆವ್ವದ ಕಂಪನಿ ಬರೆದಿದ್ದ ಕಾಗದವೂ ಇತ್ತು. ಆಮೇಲೆ ಪೆನ್‌ಹೇಲ್ ಕ್ಲೆಮ್ ಕಡೆ ನೋಡಿ, ‘ಹಳೇ ಬೀಗ. ತಾನಾಗಿಯೇ ಬಿದ್ದಿರಬಹುದು, ಅಲ್ವಾ?’ ಅಂದ. ಬೀಗದ ದೋಷದಿಂದ ಸಿಕ್ಕಿಕೊಂಡೆ ಅನ್ನುವುದರಲ್ಲಿ ಅಧ್ಯಕ್ಷನಿಗೊಂದು ಮರ್ಯಾದೆಯಿತ್ತು. ಕ್ಲೆಮ್ ಹೂಂ ಅಂದಿದ್ದರೆ ನಡಿಗೆ ಅವನಿಗೇ ಉಳಿಯುತ್ತಿತ್ತು.

ಕ್ಲೆಮ್ ಎದ್ದು ನಿಂತ. ಜೇಬಿನಲ್ಲಿ ನಾಲ್ಕು ಪುಟದ ಭಾಷಣವಿತ್ತು, ಇಟ್ಟಿಗೆಗಳಿಂದ ಶುರುವಾಗುವಂಥದ್ದು. ಅದನ್ನು ತೆಗೆಯಲಿಲ್ಲ.

‘ಇಲ್ಲ. ನಾನೇ ಹಾಕಿದ್ದು. ನಿಮ್ಮನ್ನ ಎಣಿಸಲಿಲ್ಲ. ನನ್ನ ಕೈಯಲ್ಲಿ ಬೀಗದ ಕೈ ಕೊಡಬಾರದು.’ ಗೊಂಚಲನ್ನು ಸೊಂಟದಿಂದ ಬಿಚ್ಚಿ ಮೇಜಿನ ಮೇಲಿಟ್ಟು ಹೇಳಿದ, ‘ಹನ್ನೊಂದು ವರ್ಷದಲ್ಲಿ ನನ್ನ ನಡಿಗೆಯಲ್ಲಿ ಒಬ್ಬರೂ ನಕ್ಕಿರಲಿಲ್ಲ. ಥೆಲ್ಮಾಗೆ ಕೊಡಿ.’

ಹಿಂದಿನ ಸಾಲಿನಲ್ಲಿ ಕೂತಿದ್ದ ಥೆಲ್ಮಾ ಎರಡು ಷರತ್ತು ಹಾಕಿದಳು: ದೆವ್ವ ಇರಬಾರದು, ಇಟ್ಟಿಗೆ ಇರಬಾರದು. ಮತಕ್ಕೆ ಹಾಕಿದಾಗ ಎಲ್ಲರ ಕೈ ಮೇಲೆದ್ದಿತು. ಪೆನ್‌ಹೇಲ್‌ನ ಕೈ ಅರ್ಧ ಎದ್ದಿತು, ಅದನ್ನೂ ಎಣಿಸಿದರು.

ಮಾರ್ಚಿನ ಮೊದಲ ಶುಕ್ರವಾರ ಕ್ಲೆಮ್ ಕೋಟಿಲ್ಲದೆ, ಟಿಕೆಟ್ ಹಿಡಿದು, ಗ್ವೆಂಡಾಳ ಜೊತೆ ಗುಂಪಿನ ಹಿಂದೆ ನಿಂತಿದ್ದ. ನಡೆಯುವಾಗ ಸದ್ದೇ ಬಾರದ್ದರಿಂದ ಎರಡು ಸಲ ತಾನಿದ್ದೇನೋ ಇಲ್ಲವೋ ಎಂದು ಅನುಮಾನ ಬಂತು. ಎಲ್ಮ್ ಮರಗಳು ಮುಗಿದಲ್ಲಿ ಅವನು ಯಾವಾಗಲೂ ಬಲಕ್ಕೆ ತಿರುಗುತ್ತಿದ್ದ. ಥೆಲ್ಮಾ ಎಡಕ್ಕೆ ತಿರುಗಿದಳು.

ಅದು ಹೆಂಗಸರ ಬಟ್ಟೆ ಒಗೆಯುವ ಅಂಗಳ. ಗಂಡಸರಿಗೆ ಪ್ರವೇಶವಿರಲಿಲ್ಲ, ಇಪ್ಪತ್ತೊಂಬತ್ತು ವರ್ಷ ಕ್ಲೆಮ್ ಗೇಟಿನ ಹೊರಗೆ ನಿಂತು ಮೂಟೆ ಒಪ್ಪಿಸಿ ಹೋಗಿದ್ದ. ಒಳಗೆ ಕಾಲಿಟ್ಟಾಗ ಕಂಡದ್ದು ಹುಲ್ಲಿನ ಉದ್ದನೆಯ ಇಳಿಜಾರು, ಕೆಳಗೆ ದಟ್ಟ ಬೇಲಿ, ಅದರಾಚೆ ಇಡೀ ಕಣಿವೆ ಸಂಜೆಯ ಬೆಳಕಿನಲ್ಲಿ.

‘ಮಂಗಳವಾರ ಸಿಸ್ಟರು ಟೀಗೆ ಹೋದ ತಕ್ಷಣ ನಾವು ಬಟ್ಟೆ ಗಾಡೀಲಿ ಕೂರ್ತಿದ್ವಿ,’ ಅಂದಳು ಥೆಲ್ಮಾ. ‘ಒದ್ದೆ ಬೆಡ್‌ಶೀಟು ಕೆಳಗೆ, ನಾವು ಮೇಲೆ. ಇಲ್ಲಿಂದ ಸೀದಾ ಕೆಳಗೆ.’

‘ಬ್ರೇಕು?’ ಯಾರೋ ಕೇಳಿದರು.

‘ಬೇಲಿ.’

ಕ್ಲೆಮ್ ಶಾಲೆಯ ಹುಡುಗನಂತೆ ಕೈ ಎತ್ತಿದ. ‘ಮಂಗಳವಾರ ಮಧ್ಯಾಹ್ನ ಈ ಕಡೆಯಿಂದ ಒಂದು ಕೂಗು ಕೇಳ್ತಿತ್ತು. ಪ್ರತಿ ವಾರ. ರಿಜಿಸ್ಟರಿನಲ್ಲಿ ನಾನೇ ಬರೆದಿದೀನಿ, ಗಾಳಿ ಅಂತ.’

‘ಅದು ಗಾಳಿಯಲ್ಲ, ನಾವು,’ ಅಂದಳು ಥೆಲ್ಮಾ.

ಹುಲ್ಲಿನಲ್ಲಿ ಗಾಡಿಯೊಂದು ಇನ್ನೂ ಬಿದ್ದಿತ್ತು, ತುಕ್ಕು ಹಿಡಿದ ನಾಲ್ಕು ಚಕ್ರ, ಮರದ ತೊಟ್ಟಿ. ಗುಂಪಿನಲ್ಲಿದ್ದ ಇಬ್ಬರು ಸೇರಿ ಅದನ್ನು ಎತ್ತಿ ನಿಲ್ಲಿಸಿದರು. ಥೆಲ್ಮಾ ಕೋಲಿನ ತುದಿಯಿಂದ ಅದನ್ನು ತೋರಿಸಿದಳು.

‘ಕೂತ್ಕೋ.’

‘ನನಗೆ ಅರವತ್ತೆಂಟು, ಥೆಲ್ಮಾ.’

‘ಮಾರ್ಗರಿ ನಿನಗಿಂತ ದಪ್ಪ ಇದ್ಲು.’

ಕ್ಲೆಮ್ ಸುತ್ತ ನೋಡಿದ. ಬೇಡವೆನ್ನುವ ಒಂದು ಮುಖವೂ ಕಾಣಲಿಲ್ಲ. ಟೋಪಿ ತೆಗೆದು ಪಕ್ಕದವರ ಕೈಗೆ ಕೊಟ್ಟ, ಒಂದೊಂದೇ ಕಾಲು ಒಳಗಿಟ್ಟು, ಮಂಡಿ ಗದ್ದಕ್ಕೆ ತಾಗುವಂತೆ ಕೂತು, ಎರಡೂ ಅಂಚು ಹಿಡಿದುಕೊಂಡ. ಕಣಿವೆ ಇದ್ದಕ್ಕಿದ್ದಂತೆ ಬಹಳ ಕೆಳಗಿದ್ದಂತೆ ಕಂಡಿತು. ಇನ್ನೂ ಗಾಡಿ ಹೊರಡುವ ಮೊದಲೇ ಅವನಿಗೆ ನಗು ಬಂದುಬಿಟ್ಟಿತು.

‘ತಳ್ಳೋರು ಯಾರು?’ ಎಂದು ಥೆಲ್ಮಾ ಕೇಳಿದಳು.

ಗ್ವೆಂಡಾಳನ್ನು ಎರಡನೇ ಸಲ ಕೇಳಬೇಕಾಗಲಿಲ್ಲ.